ಬೋರು ಸಾವಿರ ಅಡಿ ದಾಟಿದ ಮೇಲೂ ಮಾಡಬಹುದಾದ ಕೆಲಸ

ನಮ್ಮ ಕೋಲಾರದ ಕಡೆ ನೀರಿನ ಮಾತು ಎಲ್ಲೇ ಶುರುವಾಗಲಿ, ಬಂದು ನಿಲ್ಲುವುದು ಒಂದೇ ಕಡೆ. "ಇಪ್ಪತ್ತು ವರ್ಷದ ಹಿಂದೆ ಮಾಡಬೇಕಿತ್ತು ಬಿಡಿ, ಈಗ ಏನು ಉಳಿದಿದೆ." ಅಷ್ಟು ಹೇಳಿ ಟೀ ಲೋಟ ಇಟ್ಟು ಎದ್ದು ಹೋಗುತ್ತಾರೆ. ಮಾತು ಸುಳ್ಳಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲ ನಮ್ಮ ಕಡೆಯ ಬೆಟ್ಟಗುಡ್ಡಗಳಲ್ಲೇ ಹುಟ್ಟಿದರೂ ವರ್ಷಪೂರ್ತಿ ಹರಿಯುವ ನದಿ ನಮಗೆ ಒಂದೂ ಇಲ್ಲ. ಇದ್ದದ್ದು ಕೆರೆ, ಕುಂಟೆ, ತೆರೆದ ಬಾವಿ. ಅವನ್ನು ಬಿಟ್ಟು ಬೋರ್‌ವೆಲ್ ನಂಬಿದೆವು. ಇನ್ನೂರು ಅಡಿ ಐನೂರಾಯಿತು, ಐನೂರು ಸಾವಿರವಾಯಿತು, ಈಗ ಸಾವಿರದ ಇನ್ನೂರು ಅಡಿ ಕೊರೆಸಿ ಬರೀ ಧೂಳು ಬಂದರೂ ಯಾರೂ ಆಶ್ಚರ್ಯಪಡುವುದಿಲ್ಲ.

ಸರಿ, ತಡವಾಗಿದೆ. ಒಪ್ಪಿಕೊಂಡಾಯಿತು. ಒಪ್ಪಿಕೊಂಡ ಮೇಲೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಿಟೈರ್ ಆಗಿ ಊರಿಗೆ ಬಂದವರು, ಬಂಗಾರಪೇಟೆಯಲ್ಲಿ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವವರು, ಭಾನುವಾರ ಬಿಟ್ಟರೆ ಬೇರೆ ಬಿಡುವೇ ಇಲ್ಲದವರು, ಇಷ್ಟು ದಿನ ಇದರ ಗೋಜಿಗೇ ಹೋಗದೆ ಈಗ ಏನಾದರೂ ಮಾಡಬೇಕಲ್ಲ ಅನ್ನಿಸುತ್ತಿರುವವರು, ಎಲ್ಲರೂ ಓದಬಹುದು.

ಯಾವುದಕ್ಕೆ ತಡವಾಗಿದೆ, ಯಾವುದಕ್ಕೆ ಆಗಿಲ್ಲ

"ತಡವಾಯಿತು" ಅನ್ನುವಾಗ ಎಲ್ಲವನ್ನೂ ಸೇರಿಸಿ ಹೇಳಿಬಿಡುತ್ತೇವೆ. ಮೊದಲು ಅದನ್ನು ಬಿಡಿಸಿ ನೋಡಿ.

ನಮ್ಮ ನೆಲದ ಕೆಳಗಿರುವುದು ಗಟ್ಟಿ ಕಲ್ಲು. ಮೇಲೆ ಸ್ವಲ್ಪ ಮಣ್ಣು, ಅದರ ಕೆಳಗೆ ಒಂದಷ್ಟು ಅಡಿ ಪುಡಿಪುಡಿಯಾದ ಮೆತ್ತನೆ ಕಲ್ಲು, ಅದಕ್ಕೂ ಕೆಳಗೆ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಬಿರುಕು. ಹಳೇ ಬಾವಿಗಳಿಗೆ ನೀರು ಬರುತ್ತಿದ್ದದ್ದು ಆ ಮೆತ್ತನೆ ಪದರದಿಂದ. ಆಳದ ಬೋರ್‌ವೆಲ್‌ಗಳು ಕೈ ಹಾಕಿರುವುದು ಬಿರುಕುಗಳಿಗೆ. ಆಳದ ನೀರು ತಾತಂದಿರು ಇಟ್ಟು ಹೋದ ಡಿಪಾಸಿಟ್ಟು, ಮೇಲಿನ ಪದರದ ನೀರು ತಿಂಗಳ ಸಂಬಳ. ಡಿಪಾಸಿಟ್ಟನ್ನು ನಾವು ಖರ್ಚು ಮಾಡಿ ಆಗಿದೆ. ನಮ್ಮ ಕಾಲದಲ್ಲಿ ಅದು ಪೂರ್ತಿ ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಸಂಬಳ ನಿಂತಿಲ್ಲ. ಕೋಲಾರ ಜಿಲ್ಲೆಗೆ ವರ್ಷಕ್ಕೆ ಸರಾಸರಿ 700 ಮಿಲಿಮೀಟರ್‌ಗಿಂತ ಜಾಸ್ತಿಯೇ ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಮೇಲಿನ ಪದರಕ್ಕೆ ಜೀವ ಬರಲು ಎಷ್ಟು ಕಾಲ ಬೇಕು ಎಂಬುದನ್ನು ನಾವೇ ಕಣ್ಣಾರೆ ನೋಡಿದ್ದೇವೆ. 2021ರ ನವೆಂಬರ್‌ನಲ್ಲಿ ಸುರಿದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳು ವರ್ಷಾನುಗಟ್ಟಲೆ ಆದ ಮೇಲೆ ಕೋಡಿ ಹರಿದವು. ಜನ ಗಾಡಿ ಮಾಡಿಕೊಂಡು ಹೋಗಿ ಕೋಡಿ ನೋಡಿ ಬಂದರು, ಬಾಗಿನ ಬಿಟ್ಟರು. ಮಾರನೇ ವರ್ಷವೂ ಮಳೆ ಕೈಬಿಡಲಿಲ್ಲ. ಅದಕ್ಕೂ ಮೊದಲು, 2018ರ ಜೂನ್‌ನಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲ ಸಲ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದೆ ನರಸಾಪುರದ ಕಡೆಯ ಕೆರೆಗಳಿಗೂ ಹರಿಯಿತು. ತುಂಬಿದ ಕೆರೆಗಳ ಆಸುಪಾಸಿನಲ್ಲಿ ಬತ್ತಿದ್ದ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು. ಅಂದರೆ ಕೆರೆಯಲ್ಲಿ ನೀರು ನಿಂತರೆ ನಮ್ಮ ನೆಲ ಈಗಲೂ ಕುಡಿಯುತ್ತದೆ. ನಿಮ್ಮ ಶ್ರಮವೆಲ್ಲ ಈ ಒಂದು ಪದರದ ಮೇಲಿರಲಿ. ಸಾವಿರ ಅಡಿಯ ಚಿಂತೆ ಸದ್ಯಕ್ಕೆ ಬೇಡ.

ಬೋರ್‌ವೆಲ್ ನೀರಿನಲ್ಲಿ ಬರುವ ಫ್ಲೋರೈಡ್ ವಿಷಯದಲ್ಲೂ ಹೀಗೇ ಬಿಡಿಸಿ ನೋಡಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಯಾವ ಕಡೆ ಹೋದರೂ ಕಂದು ಗೆರೆ ಬಿದ್ದ ಹಲ್ಲು, ಬಗ್ಗಿದ ಬೆನ್ನು ಕಾಣುತ್ತವೆ. ಒಂದು ಸಲ ಬಂದ ಕಲೆ ತಾನಾಗಿ ಹೋಗುವುದಿಲ್ಲ, ಅವರ ಮಟ್ಟಿಗೆ ತಡವಾಗಿದೆ. ಆದರೆ ಮಕ್ಕಳ ಶಾಶ್ವತ ಹಲ್ಲು ಗಟ್ಟಿಯಾಗಿ ರೂಪುಗೊಳ್ಳುವುದು ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಈಗ ತೊಟ್ಟಿಲಲ್ಲಿರುವ ಕೂಸಿನ ವಿಷಯದಲ್ಲಿ ನೀವು ಸರಿಯಾದ ಸಮಯಕ್ಕೇ ಬಂದಿದ್ದೀರಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಹೋಗುತ್ತದೆ ಎಂದುಕೊಂಡವರು ಇನ್ನೂ ಇದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯಾಗುತ್ತದೆ.

ಇದಕ್ಕೆ ನಿಮ್ಮ ಮನೆಯಲ್ಲೇ ಶುರು ಮಾಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿ ತಾರಸಿ ಎಂದರೆ ಸುಮಾರು 93 ಚದರ ಮೀಟರ್. 700 ಮಿಲಿಮೀಟರ್ ಲೆಕ್ಕ ಹಿಡಿದರೆ 65 ಸಾವಿರ ಲೀಟರ್ ನಿಮ್ಮ ತಲೆಯ ಮೇಲಿಂದಲೇ ಇಳಿದು ಚರಂಡಿಗೆ ಹೋಗುತ್ತಿದೆ. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ ಐದು ಲೀಟರ್‌ನಂತೆ ಬೇಕಾದದ್ದು ವರ್ಷಕ್ಕೆ 7,300 ಲೀಟರ್ ಮಾತ್ರ. ಎಂಟು ಸಾವಿರ ಲೀಟರ್ ಸಂಪು, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಲು ಒಂದು ವಾಲ್ವು, ಜಲ್ಲಿ, ಮರಳು, ಇದ್ದಿಲು ಹಾಕಿದ ಒಂದು ಡ್ರಮ್ಮು, ಬೆಳಕೂ ಸೊಳ್ಳೆಯೂ ಹೋಗದ ಮುಚ್ಚಳ. ಇಷ್ಟೇ. ಮಳೆ ನೀರಿನಲ್ಲಿ ಫ್ಲೋರೈಡ್ ತೊಂದರೆ ಇಲ್ಲ. ಕಲ್ನಾರು ಶೀಟಿನ ಚಾವಣಿಯಾದರೆ ಮಾತ್ರ ಆ ನೀರು ಕುಡಿಯಲು ಬೇಡ.

ಕೆರೆ ಬಿಡಿ, ಕಾಲುವೆ ಹಿಡಿಯಿರಿ

ಈಗ ಊರಿನ ಕೆಲಸ. ಇಲ್ಲಿ ಹೊಸದಾಗಿ ಉತ್ಸಾಹ ಬಂದವರೆಲ್ಲ ನೇರವಾಗಿ ಹೂಳೆತ್ತಲು ಹೊರಡುತ್ತಾರೆ. ಹೂಳೆತ್ತುವುದು ನೋಡಲು ಚೆನ್ನಾಗಿರುತ್ತದೆ, ಜೆಸಿಬಿ ಬರುತ್ತದೆ, ಪೂಜೆ ಆಗುತ್ತದೆ, ಫೋಟೋ ಬರುತ್ತದೆ, ಮಣ್ಣಿಗೆ ಗಿರಾಕಿಯೂ ಇರುತ್ತಾರೆ. ಆದರೆ ನಿಮ್ಮ ಕೆರೆಗೆ ನೀರೇ ಬರುತ್ತಿಲ್ಲ ಎಂದರೆ ಆಳ ಮಾಡಿ ಏನು ಮಾಡುತ್ತೀರಿ? ಮೊದಲು ನೀರು ಬರುವ ದಾರಿ ನೋಡಿ. ರಾಜಕಾಲುವೆ, ಪೋಷಕ ಕಾಲುವೆ, ನಿಮ್ಮೂರಲ್ಲಿ ಏನು ಕರೆಯುತ್ತಾರೋ ಅದು. ಕೆಲಸ ತಡವಾಗಿ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಯಾಕೆಂದರೆ ದುಡ್ಡು ಕಡಿಮೆ, ಫಲ ಬೇಗ. ಒಂದು ಒಳ್ಳೆ ಮಳೆ ಬಂದರೆ ಸಾಕು, ಅದೇ ವಾರ ಗೊತ್ತಾಗುತ್ತದೆ.

ನಮ್ಮೂರ ಕೆರೆಯ ಕಾಲುವೆ ರಸ್ತೆ ದಾಟುವ ಕಡೆ ಒಂದು ಮೋರಿ ಇದೆ. ರಸ್ತೆ ಮೇಲೆ ನಿಂತು ನೋಡಿದರೆ ಏನೂ ತೊಂದರೆ ಕಾಣುವುದಿಲ್ಲ, ಸಿಮೆಂಟ್ ಪೈಪು, ಎರಡೂ ಕಡೆ ಕಲ್ಲು ಕಟ್ಟಿದೆ, ಬಿಳಿ ಬಣ್ಣದಲ್ಲಿ ಏನೋ ನಂಬರು ಬರೆದಿದೆ. ಇಳಿದು ಬಗ್ಗಿ ನೋಡಿದರೆ ಪೈಪಿನ ಬಾಯಿ ಕಾಲುವೆಯ ತಳಕ್ಕಿಂತ ಮೊಣಕಾಲೆತ್ತರ ಮೇಲೆ. ಅಂದರೆ ಮೊಣಕಾಲುದ್ದ ನೀರು ನಿಂತ ಮೇಲೆ ತಾನೇ ಆಚೆಗೆ ದಾಟುವುದು. ಅದೂ ಸಾಲದೆಂದು ಆ ಬಾಯಿಗೆ ಟೊಮೆಟೊ ತೋಟದಿಂದ ಬಂದ ಮಲ್ಚಿಂಗ್ ಪೇಪರ್ ಸುತ್ತಿಕೊಂಡಿತ್ತು, ಪೇಪರಿಗೆ ಹಳೇ ಡ್ರಿಪ್ ಪೈಪು ತೊಡರಿ, ಅದಕ್ಕೆ ಜಾಲಿ ಕೊಂಬೆ ಸಿಕ್ಕಿಕೊಂಡು, ಎಲ್ಲದರ ಮೇಲೆ ಮಣ್ಣು ಕೂತು ಹುಲ್ಲು ಬೆಳೆದಿತ್ತು. ಮೇಲಿಂದ ಬಂದ ನೀರು ಅಲ್ಲಿ ನಿಂತು ಪಕ್ಕದ ರಾಗಿ ಹೊಲಕ್ಕೆ ನುಗ್ಗುತ್ತಿತ್ತು, ಹೊಲದವರು ಬೇರೆ ದಾರಿಯಿಲ್ಲದೆ ಬದು ಒಡೆದು ರಸ್ತೆ ಚರಂಡಿಗೆ ಬಿಡುತ್ತಿದ್ದರು, ಚರಂಡಿ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಊರೆಲ್ಲ ಮಳೆಯನ್ನು ಬೈಯುತ್ತಿತ್ತು. ಬಾಯಿ ಬಿಡಿಸಲು ನಾಲ್ಕೈದು ಜನರಿಗೆ ಒಂದು ಬೆಳಿಗ್ಗೆ ಸಾಕಾಯಿತು. ಪೈಪು ಇಳಿಸುವುದು ಅರ್ಜಿಯ ಕೆಲಸ, ಅದು ಇನ್ನೂ ಆಗಿಲ್ಲ.

ನಿಮ್ಮೂರಲ್ಲಿ ಹೀಗೆ ನೋಡಬೇಕು ಎಂದರೆ, ಹೊರಡುವ ಮುಂಚೆ ನಕ್ಷೆ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರು ಬರುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳೇ ಕಾಲುವೆ, ಕುಂಟೆ, ಗೋಕಟ್ಟೆ ಎಲ್ಲ ಗುರುತು ಮಾಡಿರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಶುರು ಮಾಡಿದ್ದರೆ ಈ ಒಂದು ನಕ್ಷೆಗಾಗಿ ಸರ್ವೆ ಆಫೀಸಿಗೆ ಎಷ್ಟು ಸಲ ಅಲೆಯಬೇಕಿತ್ತೋ ಯೋಚಿಸಿ. ತಡವಾಗಿ ಬಂದದ್ದಕ್ಕೆ ಇಷ್ಟಾದರೂ ಲಾಭ ಬೇಡವೇ.

ನಕ್ಷೆ ಹೇಳದ್ದನ್ನು ಹೇಳುವವರು ನೀರಗಂಟಿ ಮನೆಯವರು. ಕೆರೆಯ ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುತ್ತಿದ್ದವರು ಅವರು. ಎಷ್ಟೋ ಊರಲ್ಲಿ ಆ ಮನೆಯ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಪಂಚಾಯಿತಿ ಕಟ್ಟೆಗೆ ಕರೆಸಬೇಡಿ, ನೀವೇ ಅವರ ಮನೆಗೆ ಹೋಗಿ ಕೂತು ಕೇಳಿ. "ತಾತಾ, ಆಗ ಕೆರೆಗೆ ನೀರು ಯಾವ ಕಡೆಯಿಂದ ಬರ್ತಿತ್ತು?" ಎಂದು ನಾನು ಕೇಳಿದ್ದಕ್ಕೆ ನಮ್ಮೂರ ತಾತ ಹೇಳಿದ್ದು, "ಅದಾಗೇ ಎಲ್ಲಿ ಬರ್ತಿತ್ತು ಸ್ವಾಮಿ, ಕರ್ಕೊಂಡು ಬರ್ಬೇಕಿತ್ತು. ಮಳೆ ಬಂದ ರಾತ್ರಿ ಗುದ್ದಲಿ ಹಿಡ್ಕೊಂಡು ಕಾಲುವೆ ಮೇಲೇ ಇರ್ತಿದ್ವಿ." ನೀವು ಮಾಡಬೇಕಾದದ್ದೂ ಇಷ್ಟೇ. ದೊಡ್ಡ ಮಳೆ ಬಂದ ಮಾರನೇ ಬೆಳಿಗ್ಗೆ ಕೆರೆಯಿಂದ ಮೇಲಕ್ಕೆ ಕಾಲುವೆ ಹಿಡಿದು ನಡೆಯಿರಿ. ನೀರು ಎಲ್ಲಿ ನಿಂತಿದೆ, ಎಲ್ಲಿ ದಾರಿ ಬಿಟ್ಟಿದೆ, ಎಲ್ಲಿ ಲೇಔಟ್ ಮಣ್ಣು ತುಂಬಿದೆ ಎಂದು ಜಾಗದ ಗುರುತು ಬರುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬೇಸಿಗೆಯಲ್ಲಿ ನಡೆದರೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ.

ನಡೆದ ಮೇಲೆ ಸಿಕ್ಕ ತೊಂದರೆಗಳನ್ನು ಮೂರು ಗುಂಪು ಮಾಡಿ. ಕೈಯಲ್ಲಿ ಆಗುವ ಕೆಲಸ: ಕಸ, ಜಾಲಿ, ಮೋರಿಯ ಬಾಯಿ. ಪಂಚಾಯಿತಿ ಮಾಡಬೇಕಾದ ಕೆಲಸ: ಪೈಪು, ಕುಸಿದ ಕಾಲುವೆ ದಂಡೆ, ಒಡೆದ ತೂಬು. ಮೂರನೆಯದು ಒತ್ತುವರಿ. ಅದೇ ಕ್ರಮದಲ್ಲಿ ಮಾಡಿ. ಒತ್ತುವರಿಯಿಂದ ಶುರು ಮಾಡಿದವರು ಅಲ್ಲೇ ಮುಗಿದು ಹೋಗುವುದನ್ನು ನೋಡಿದ್ದೇನೆ. ನ್ಯಾಯ ಅವರ ಕಡೆಯೇ ಇರುತ್ತದೆ, ಆದರೆ ಊರು ಎರಡು ಭಾಗವಾಗುತ್ತದೆ, ಕೋರ್ಟಿಗೆ ಹೋಗುತ್ತದೆ, ಅಷ್ಟರಲ್ಲಿ ನಾಲ್ಕು ಮಳೆಗಾಲ ಕಳೆಯುತ್ತದೆ. ಮೊದಲೆರಡು ಕೆಲಸ ಮಾಡಿ ಕೆರೆಗೆ ಸ್ವಲ್ಪ ನೀರು ಬಂದು ಜನ ನಿಮ್ಮ ಜೊತೆ ನಿಂತ ಮೇಲೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಕೆರೆಗೂ ಕಾಲುವೆಗೂ ಅಳತೆ ಮಾಡಿಸಿ. ಒತ್ತುವರಿ ಆಗಿದೆ ಎಂದು ನೀವು ಹೇಳುವುದು ಬೇಡ, ಸರ್ವೆಯವರ ಕಲ್ಲು ಹೇಳಲಿ.

ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಕಡೆಯವರಿಗೆ ಇನ್ನೊಂದು ಮಾತು. ನೀವು ಕಾಲುವೆಗಿಂತ ಮೊದಲು ತಲಪರಿಗೆ ಹುಡುಕಿ. ಕೆರೆಯ ಅಂಗಳದಲ್ಲಿ, ಹಳ್ಳದ ಪಕ್ಕದಲ್ಲಿ ನೆಲದಿಂದ ತಾನಾಗಿ ನೀರು ಜಿನುಗುವ ಜಾಗಗಳಿವು, ಒಂದು ಕಾಲದಲ್ಲಿ ಇದರ ಮೇಲೇ ಬೆಳೆ ತೆಗೆಯುತ್ತಿದ್ದರು, ಹೂಳು ತೆಗೆಯಲು ಊರಲ್ಲಿ ಸರದಿ ಇರುತ್ತಿತ್ತು. ಹೆಚ್ಚಿನವು ಮಣ್ಣು, ಜಾಲಿಯಲ್ಲಿ ಮುಚ್ಚಿ ಹೋಗಿವೆ. ಮೇಲಿನ ಪದರದಲ್ಲಿ ನೀರು ಇದೆಯೋ ಇಲ್ಲವೋ ಎಂದು ಹೇಳಲು ತಲಪರಿಗೆಗಿಂತ ನಂಬಿಕಸ್ಥರು ಯಾರೂ ಇಲ್ಲ.

ಯಾವ ತಿಂಗಳಲ್ಲಿ ಏನು

ಬೇಜಾರಿಗೆ ಒಂದು ದೊಡ್ಡ ಕಾರಣ ಕೆಲಸವನ್ನು ತಪ್ಪು ತಿಂಗಳಲ್ಲಿ ಶುರು ಮಾಡುವುದು. ಆಗಸ್ಟಿನಲ್ಲಿ ಆವೇಶ ಬರುತ್ತದೆ, ಅರ್ಜಿ ಬರೆಯುತ್ತೀರಿ, "ಈ ವರ್ಷದ ಕ್ರಿಯಾ ಯೋಜನೆ ಮುಗಿದಿದೆ" ಎನ್ನುತ್ತಾರೆ, ಅಲ್ಲಿಗೆ ಗಾಳಿ ಇಳಿಯುತ್ತದೆ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ನೀವು ಮಾಡಬೇಕಾದದ್ದು ನಡೆಯುವುದು, ನೋಡುವುದು, ಫೋಟೋ ತೆಗೆಯುವುದು, ಮೋರಿ ಬಿಡಿಸುವುದು. ಅಗೆಯುವ ಕೆಲಸ ಬೇಡ, ಮಣ್ಣು ಸಡಿಲ ಮಾಡಿದರೆ ಮಳೆ ಅದನ್ನೇ ಕೆರೆಗೆ ತಂದು ಹಾಕುತ್ತದೆ.

ಮುಂದಿನ ವರ್ಷದ ಉದ್ಯೋಗ ಖಾತ್ರಿ ಕೆಲಸಗಳ ಪಟ್ಟಿ ಮಾಡುವ ಮಾತು ಗಾಂಧಿ ಜಯಂತಿ ಹೊತ್ತಿಗೆ ಶುರುವಾಗುವುದು ವಾಡಿಕೆ. ಯೋಜನೆಯ ಹೆಸರು, ನಿಯಮ ಬದಲಾಗುತ್ತಿರುತ್ತವೆ, ಈ ವರ್ಷ ಯಾವಾಗ ಎಂದು ಪಿಡಿಓ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಆಗಲೇಬೇಕು. ಸಭೆಗೆ ಬರಿಗೈಯಲ್ಲಿ ಹೋಗಿ "ಕೆರೆ ಅಭಿವೃದ್ಧಿ ಮಾಡಿ" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಏನೂ ಆಗುವುದಿಲ್ಲ. ಒಂದು ಅರ್ಜಿ, ಒಂದೇ ಕೆಲಸ, ಸರ್ವೆ ನಂಬರು, ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಜೊತೆಗೆ ಮಳೆಗಾಲದ ಎರಡು ಫೋಟೋ. ಸೀಲು ಹಾಕಿದ ಸ್ವೀಕೃತಿ ಕೈಗೆ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಕಾಲುವೆ ಹೂಳು ತೆಗೆಯುವುದು, ಕೃಷಿ ಹೊಂಡ, ಬದು, ಹಳೇ ಕಲ್ಯಾಣಿ ಸರಿ ಮಾಡುವುದು, ಇವೆಲ್ಲ ಉದ್ಯೋಗ ಖಾತ್ರಿಯಲ್ಲಿ ನಮ್ಮ ಜಿಲ್ಲೆಗಳಲ್ಲಿ ಆಗಿವೆ, ಹೊಸದೇನೂ ಕೇಳುತ್ತಿಲ್ಲ ನೀವು.

ಅಟಲ್ ಭೂಜಲ ಯೋಜನೆ ಬಂದಿದ್ದ ಪಂಚಾಯಿತಿಯಾದರೆ ಅಲ್ಲಿ ಊರಿನ ನೀರಿನ ಆಯವ್ಯಯ, ಅಂದರೆ ಎಷ್ಟು ಮಳೆ ಬರುತ್ತದೆ, ಎಷ್ಟು ಎತ್ತುತ್ತಿದ್ದೇವೆ ಎನ್ನುವ ಲೆಕ್ಕ ಮಾಡಿದ ಕಡತ ಇರುತ್ತದೆ. ಅದನ್ನು ತೆಗೆಸಿ ಓದಿ. ಕೊಡುವುದಿಲ್ಲ ಎಂದರೆ ಮಾಹಿತಿ ಹಕ್ಕು ಇದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ಆದರೆ ಎದ್ದಕೂಡಲೇ ಆರ್‌ಟಿಐ ಹಾಕುವ ಅಭ್ಯಾಸ ಬೇಡ. ನಾಳೆ ಅದೇ ಪಿಡಿಓ ಹತ್ತಿರ ನಿಮ್ಮ ಕಾಲುವೆಗೆ ಸಹಿ ಬೇಕು.

ಫೆಬ್ರವರಿಯಿಂದ ಮೇವರೆಗೆ ಕಾಲುವೆ ಒಣಗಿರುತ್ತದೆ, ಅಗೆಯುವ ಕೆಲಸ ಆಗ. ಜೂನ್ 5ಕ್ಕೆ ಗಿಡ ನೆಡುವ ಗಲಾಟೆ ಬರುತ್ತದೆ, ಅದರ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನ ಫೋಟೋ ಹಾಕಿ ಎಲ್ಲರೂ ಗಿಡ ನೆಡುತ್ತಾರೆ. ಆ ಅಜ್ಜಿ ನೆಟ್ಟದ್ದಕ್ಕಿಂತ ದೊಡ್ಡ ಕೆಲಸ ಮಾಡಿದ್ದು ನೆಟ್ಟ ಮೇಲೆ. ಗಂಡ ಹೆಂಡತಿ ಹುಲಿಕಲ್ ಕುದೂರು ರಸ್ತೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನ ತಿನ್ನದಂತೆ ಮುಳ್ಳು ಕಟ್ಟಿದರು, ಅದಕ್ಕೇ ಆ ಆಲದ ಮರಗಳು ನಿಂತಿವೆ. ನೂರು ಗಿಡ ನೆಡುವ ಬದಲು ಬೇಸಿಗೆಯಲ್ಲಿ ನೀರು ಹಾಕಲು ಆಗುವಷ್ಟು ನೆಡಿ, ಅದು ಹತ್ತೇ ಆದರೂ ಸರಿ.

ಜನ

ಸಂಘ ಕಟ್ಟಬೇಡಿ. ಕಟ್ಟಿದರೆ ಅಧ್ಯಕ್ಷ ಯಾರು ಅನ್ನುವುದರಲ್ಲೇ ಒಂದು ವರ್ಷ ಹೋಗುತ್ತದೆ. ನಾಲ್ಕು ಜನ ಸಾಕು, ಒಂದು ವಾಟ್ಸಾಪ್ ಗುಂಪು, ಅದರಲ್ಲಿ ಗುಡ್ ಮಾರ್ನಿಂಗ್ ಹಾಕುವವರನ್ನು ಮೊದಲ ದಿನವೇ ತೆಗೆದು ಹಾಕಿ. ನನಗೆ ವಯಸ್ಸಾಯಿತು ಎನ್ನುವ ರಿಟೈರ್ಡ್ ಮೇಷ್ಟ್ರು ಇಂಥ ಕೆಲಸಕ್ಕೆ ಬಂಗಾರ, ಅವರಿಗೆ ಆಫೀಸಿನಲ್ಲಿ ಕಾಯಲು ಸಮಯ ಇದೆ, ಅರ್ಜಿ ಬರೆಯಲು ಬರುತ್ತದೆ, ಎದುರು ಕೂತ ಗುಮಾಸ್ತ ಅರ್ಧಕ್ಕರ್ಧ ಅವರ ಶಿಷ್ಯನೇ ಆಗಿರುತ್ತಾನೆ. ವೇಮಗಲ್, ನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವ ಹುಡುಗರಿಗೆ ವಾರಕ್ಕೊಂದು ರಜೆ, ಅವರಿಗೆ ಮೋರಿಯೊಳಗೆ ಇಳಿಯುವ ಕೆಲಸ. ಸ್ತ್ರೀಶಕ್ತಿ ಸಂಘದ ಅಕ್ಕಂದಿರನ್ನು ಕೇಳದೆ ಯಾವುದನ್ನೂ ತೀರ್ಮಾನ ಮಾಡಬೇಡಿ, ಯಾವ ಬೀದಿಯ ನಲ್ಲಿಗೆ ಯಾವ ದಿನ ನೀರು ಬರಲಿಲ್ಲ ಎಂಬ ಲೆಕ್ಕ ಇರುವುದು ಅವರ ಹತ್ತಿರ.

"ನೀನೊಬ್ಬ ಮಾಡಿದರೆ ಆಗಿಬಿಡುತ್ತಾ?" ಎಂದು ಕೇಳುವವರು ಸಿಗುತ್ತಾರೆ. ವಾದ ಮಾಡಬೇಡಿ. "ಆಗಲ್ಲ ಅಣ್ಣ, ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ" ಎನ್ನಿ. ಹತ್ತು ಜನರಲ್ಲಿ ಒಬ್ಬರು ಬಂದೇ ಬರುತ್ತಾರೆ.

ಎತ್ತಿನಹೊಳೆ ಬರುತ್ತಲ್ಲ, ಸುಮ್ನೆ ಯಾಕೆ ಒದ್ದಾಟ?

ಇದು ದಿನಾ ಕೇಳುವ ಮಾತು. ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ನಮ್ಮ ಬಯಲುಸೀಮೆಗೆ ತರುವ, 2014ರಲ್ಲಿ ಶಂಕುಸ್ಥಾಪನೆ ಆದ ಈ ಯೋಜನೆಯ ಮೊದಲ ಹಂತ ಸಕಲೇಶಪುರದ ಕಡೆ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದ ದಿನ. ನಡುವೆ ಹತ್ತು ಮಳೆಗಾಲ ಬಂದು ಹೋದವು. ಬರಲಿ, ಬೇಗ ಬರಲಿ, ಅದಕ್ಕಾಗಿ ಹೋರಾಡುವವರ ಜೊತೆ ನಿಲ್ಲಿ. ಆದರೆ ಆ ನೀರು ಬಂದರೂ ನಿಲ್ಲಬೇಕಾದದ್ದು ಇದೇ ಕೆರೆಗಳಲ್ಲಿ ತಾನೇ? ಒಡೆದ ತೂಬು, ಜಾಲಿ ತುಂಬಿದ ಅಂಗಳ ಇಟ್ಟುಕೊಂಡು ನೇತ್ರಾವತಿ ಕಡೆಯ ನೀರಿಗೆ ಕಾದರೆ ನಗುವವರೇ ಜಾಸ್ತಿ. ಕೆ.ಸಿ. ವ್ಯಾಲಿ ವಿಷಯದಲ್ಲೂ ಅಷ್ಟೇ. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಬೇಡಿಕೆ ನ್ಯಾಯವಾದದ್ದು, ಅದನ್ನು ಬಿಡಬಾರದು. ಆ ಕೆರೆಗಳ ಪಕ್ಕದ ಊರಿನವರು ಬಾವಿ ನೀರನ್ನು ವರ್ಷಕ್ಕೆ ಒಂದೆರಡು ಸಲ ಪರೀಕ್ಷೆ ಮಾಡಿಸಿ, ವರದಿ ಇಟ್ಟುಕೊಳ್ಳಿ. ಬೇಡಿಕೆ ಇಡಲು ಹೋದಾಗ ಕೈಯಲ್ಲಿ ಕಾಗದ ಇರಬೇಕು.

ಅಳೆಯದೆ ಭರವಸೆ ಇಟ್ಟುಕೊಳ್ಳಲು ಆಗುವುದಿಲ್ಲ

ಊರಲ್ಲಿ ಇನ್ನೂ ಮುಚ್ಚದ ಒಂದು ತೆರೆದ ಬಾವಿ ಆರಿಸಿಕೊಳ್ಳಿ. ಹಗ್ಗಕ್ಕೆ ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿ, ಪ್ರತಿ ಅಮಾವಾಸ್ಯೆ ದಿನ ಇಳಿಬಿಟ್ಟು ನೀರು ಎಷ್ಟು ಅಡಿ ಕೆಳಗಿದೆ ಎಂದು ಬರೆದಿಡಿ. ಬರೆಯುವುದು ಪುಸ್ತಕದಲ್ಲಿ ಬೇಡ, ಪಂಪ್‌ಹೌಸ್ ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಏಪ್ರಿಲ್‌ನಲ್ಲಿ ಇಳಿದದ್ದು ನೋಡಿ ಗಾಬರಿ ಬೀಳಬೇಡಿ, ಏಪ್ರಿಲ್‌ನಲ್ಲಿ ಇಳಿಯಲೇಬೇಕು. ಹೋದ ವರ್ಷದ ಏಪ್ರಿಲ್ ಜೊತೆ ಹೋಲಿಸಿ.

ಬರದ ವರ್ಷ ಬಂದೇ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಅಂಥ ವರ್ಷದಲ್ಲಿ ಬಾವಿ ನೋಡಿ "ಮಾಡಿದ್ದೆಲ್ಲ ನೀರಲ್ಲಿ ಹೋಯಿತು" ಅನ್ನಿಸುತ್ತದೆ, ನೀರಲ್ಲಾದರೂ ಹೋಗಿದ್ದರೆ ಸಂತೋಷವೇ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಬಂದ ಆ ಒಂದೋ ಎರಡೋ ಮಳೆಯ ನೀರು ಕಾಲುವೆಯಲ್ಲಿ ಕೆರೆಯವರೆಗೆ ಬಂತೇ? ಬಂದಿದ್ದರೆ ನಿಮ್ಮ ಕೆಲಸ ಸರಿ ಇದೆ.

ನಿಜವಾದ ತಲೆನೋವು ಬರುವುದು ನೀರು ಮೇಲೆ ಬಂದ ವರ್ಷ. ಬಾವಿಯಲ್ಲಿ ನೀರು ಕಂಡ ಕೂಡಲೇ ಪಕ್ಕದಲ್ಲಿ ಹೊಸ ಬೋರ್‌ವೆಲ್ ಲಾರಿ ನಿಲ್ಲುತ್ತದೆ, ಟೊಮೆಟೊ ಒಂದು ಎಕರೆ ಇದ್ದದ್ದು ಮೂರಾಗುತ್ತದೆ. ಯಾರನ್ನೂ ಬೈಯುವ ಹಾಗಿಲ್ಲ, ಸಾಲ ಇದೆ, ಮದುವೆ ಇದೆ, ಟೊಮೆಟೊಗೆ ಒಂದು ಸಲ ರೇಟು ಸಿಕ್ಕರೆ ಎಲ್ಲ ತೀರುತ್ತದೆ ಎನ್ನುವ ಆಸೆ ಇದೆ. ಆದರೂ ಈ ಮಾತನ್ನು ನೀರು ಬರುವ ಮುಂಚೆಯೇ ಆಡಿಟ್ಟುಕೊಳ್ಳಬೇಕು. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಬೋರ್‌ವೆಲ್ ಕೊರೆಸಲು ಅನುಮತಿ ಬೇಕು ಎಂದು ನೆನಪಿಸಿ. ಬೇಸಿಗೆ ಬೆಳೆಗೆ ಡ್ರಿಪ್ ಇಲ್ಲದೆ ನೀರು ಹಾಯಿಸುವುದು ಬೇಡ, ಕೆರೆಗೆ ಹತ್ತಿರದ ಹೊಲಗಳಲ್ಲಿ ರಾಗಿ, ಅವರೆ, ಹುರುಳಿ ಸ್ವಲ್ಪವಾದರೂ ಉಳಿಯಲಿ, ಇಂಥ ಒಂದೆರಡು ಮಾತಿಗೆ ಊರು ಒಪ್ಪಿದರೂ ದೊಡ್ಡದು. ಎಲ್ಲರೂ ಒಪ್ಪುವುದಿಲ್ಲ. ಕೆರೆ ಪಕ್ಕದ ಐದಾರು ಮನೆಯವರು ಒಪ್ಪಿದರೆ ಬಾವಿಯ ಗಂಟುಗಳಲ್ಲೇ ಗೊತ್ತಾಗುತ್ತದೆ.

ಬತ್ತಿದ ಬೋರ್‌ವೆಲ್‌ಗೆ ನೀರು ಇಂಗಿಸುವ ಗುಂಡಿ ಮಾಡಿಸುವವರು ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳ ತೆಗೆಸಿ, ಕೇಸಿಂಗ್ ಪೈಪಿಗೆ ತೂತು ಮಾಡಿ ಜಾಲರಿ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿಸುತ್ತಾರೆ. ಒಳ್ಳೆಯದೇ. ಆದರೆ ಔಷಧಿ ಹೊಡೆದ ತೋಟದ ನೀರನ್ನು ಅದಕ್ಕೆ ಬಿಡಬೇಡಿ, ಅದು ನೇರ ಕೆಳಗಿನ ನೀರಿಗೆ ಸೇರುತ್ತದೆ. ಇಂಗಿಸಲು ಬಳಸದ ಹಾಳು ಬೋರ್‌ವೆಲ್ ಇದ್ದರೆ ಅದರ ಬಾಯನ್ನು ಇವತ್ತೇ ಗಟ್ಟಿಯಾಗಿ ಮುಚ್ಚಿಸಿ.

ಕೊನೆಗೆ ಹೂಳೆತ್ತುವ ಸರದಿ ಬರುತ್ತದೆ. ಕೆಲಸ ಮಂಜೂರಾಗಿ ಜೆಸಿಬಿ ಬರುವ ದಿನ ನಿಮ್ಮಲ್ಲಿ ಒಬ್ಬರು ಬೆಳಗಿನಿಂದ ಸಂಜೆವರೆಗೆ ಸ್ಥಳದಲ್ಲಿರಿ. ಏರಿಯ ಬುಡದಲ್ಲಿ ಅಗೆಯಲು ಬಿಡಬೇಡಿ, ಏರಿ ಕುಸಿಯುತ್ತದೆ. ಬಾವಿಯಂಥ ಗುಂಡಿ ಬೀಳಬಾರದು, ಮೇಲಿಂದ ಏರಿ ಕಡೆಗೆ ನಿಧಾನವಾಗಿ ಇಳಿಜಾರಾಗಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಈಜಲು ಹೋದ ಮಕ್ಕಳ ಜೀವಕ್ಕೆ ಅಪಾಯ. ಕೋಡಿಯ ಮಟ್ಟ ಒಂದು ಇಂಚೂ ಬದಲಾಗಬಾರದು. ಎತ್ತಿದ ಗೋಡು ಮಣ್ಣು ಯಾರ ಹೊಲಕ್ಕೆ ಎಷ್ಟು ಲೋಡು ಹೋಯಿತು ಎಂದು ಬರೆದುಕೊಳ್ಳಿ, ಸಂಜೆ ಆ ಪಟ್ಟಿಯನ್ನು ಗುಂಪಿಗೆ ಹಾಕಿ. ಜೆಸಿಬಿಯವರಿಗೆ ಊಟ ನಿಮ್ಮ ಮನೆಯಿಂದಲೇ ಹೋಗಲಿ, ನೀವು ಹೇಳಿದ ಕಡೆ ಅಗೆಯುತ್ತಾರೆ.